ಪ್ರಶಸ್ತಿ ಯಾರಿಗೆಂದು ಹೇಳುತ್ತಿದ್ದ ಮಾವ

ಆ ದಿನಗಳಲ್ಲಿ ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗುವ ಮಧ್ಯಾಹ್ನದ ಬಸ್ಸು ಸರಿಯಾಗಿ ಮೂರೂವರೆಗೆ ನಮ್ಮ ಮನೆಯ ಮುಂದಿನ ತಿರುವಿನಲ್ಲಿ ಹಾರ್ನು ಹೊಡೆಯುತ್ತಿತ್ತು. ಆ ಭಾನುವಾರವೂ ಹೊಡೆಯಿತು. ನಾವು ಆ ಬಸ್ಸಿನಲ್ಲಿ ಇರಬೇಕಾಗಿತ್ತು. ಅಕ್ಕ ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಚಾಪೆಯ ಮೇಲೆ ಮಲಗಿದ್ದಳು. ಆಯಿ ಪ್ರಯಾಣಕ್ಕೆಂದು ತುಂಬಿದ್ದ ಚೀಲದಿಂದ ಬಟ್ಟೆಗಳನ್ನು ಹೊರಗೆ ತೆಗೆಯುತ್ತಿದ್ದಳು. ಹಾರ್ನಿನ ಸದ್ದು ಕಿರವತ್ತಿಯ ಕಡೆ ಕರಗಿತು. ಎಲ್ಲ ಕೆಡಲು ಶುರುವಾದದ್ದು ಆ ಹೊತ್ತಿನಲ್ಲಿ. ಈಗಲೂ ಎಲ್ಲಾದರೂ ಬಸ್ಸು ತಿರುವಿನಲ್ಲಿ ಉದ್ದಕ್ಕೆ ಹಾರ್ನು ಹೊಡೆದರೆ ನನ್ನ ಕಾಲು ತನ್ನಷ್ಟಕ್ಕೆ ಚಪ್ಪಲಿ ಹುಡುಕುತ್ತದೆ.

ಆ ಬಸ್ಸನ್ನು ನಾವು ಬಿಟ್ಟದ್ದು ಸಿನಿಮಾ ಪ್ರಶಸ್ತಿಯ ದೆಸೆಯಿಂದ ಎಂದರೆ ಯಾರೂ ನಂಬಲಿಕ್ಕಿಲ್ಲ.

ನಮ್ಮ ಮನೆಯಲ್ಲಿ ಆಗ ಇದ್ದವರು ಐದು ಜನ. ಅಪ್ಪ ಬಸ್ಸಿನ ಡ್ರೈವರ್. ವಾರದಲ್ಲಿ ನಾಲ್ಕು ದಿನ ದೂರದ ರೂಟಿನಲ್ಲೇ ಇರುತ್ತಿದ್ದರು. ಆಯಿ, ಅಂದರೆ ನಮ್ಮ ತಾಯಿ. ಹದಿಮೂರು ವರ್ಷದ ವೀಣಕ್ಕ. ಹತ್ತು ವರ್ಷದ ನಾನು. ಮತ್ತೆ ಆಯಿಯ ತಮ್ಮ ಗಣು ಮಾವ. ಮಾವನಿಗೆ ಪೇಟೆಯಲ್ಲಿ ರೇಡಿಯೊ, ಟಿವಿ ರಿಪೇರಿ ಮಾಡುವ ಸಣ್ಣ ಅಂಗಡಿ ಇತ್ತು. ಅವನು ಮನೆಗೆ ಬಂದರೆ ಬೆಸುಗೆಯ ರಾಳ ಸುಟ್ಟ ವಾಸನೆ ಅವನ ಜೊತೆಗೇ ಒಳಗೆ ಬರುತ್ತಿತ್ತು. ಆ ವಾಸನೆ ಬಂತೆಂದರೆ ನಗು ಬಂತೆಂದೇ ಲೆಕ್ಕ.

ನಮ್ಮ ಸ್ವಂತದ್ದೆಂದು ಒಂದು ಟಿವಿ ಎಂದೂ ಇರಲಿಲ್ಲ. ಆದರೂ ನಮ್ಮ ಮನೆಯಲ್ಲಿ ಟಿವಿ ಇಲ್ಲದ ದಿನವೂ ಇರಲಿಲ್ಲ. ರಿಪೇರಿಗೆ ಬಂದ ಯಾರದ್ದೋ ಪೆಟ್ಟಿಗೆಯನ್ನು ಮಾವ ಮನೆಗೆ ತಂದು ಜಗುಲಿಯಲ್ಲಿ ಇಡುತ್ತಿದ್ದ. ಪಕ್ಕದ ಮನೆಯ ಶಾಂತಾಬಾಯಿ ಬಾಗಿಲಲ್ಲಿ ನಿಂತು ದಬಾಯಿಸುತ್ತಿದ್ದರು.

"ಗಣಪತಿ, ನಮ್ಮ ಟಿವಿ ರಿಪೇರಿ ಮುಗಿದು ಹದಿನೈದು ದಿನ ಆಯ್ತಂತೆ. ನಿನ್ನ ಅಂಗಡಿ ಹುಡುಗನೇ ಹೇಳಿದ. ಇನ್ನೂ ಯಾಕೆ ಕೊಡುದಿಲ್ಲ?"

"ಟೆಸ್ಟಿಂಗು ಶಾಂತಕ್ಕಾ. ಅರ್ಧ ಸರಿಯಾದ ಟಿವಿ ಕೊಟ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು?"

"ನಿನ್ನ ಟೆಸ್ಟಿಂಗು ನಂಗೊತ್ತುಂಟು. ಪ್ರಶಸ್ತಿ ಕಾರ್ಯಕ್ರಮ ಮುಗಿಯೋವರೆಗೆ ಟೆಸ್ಟಿಂಗು!" ಎನ್ನುತ್ತ ಅವರೂ ಒಳಗೆ ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದರು. ಅವರದ್ದೇ ಟಿವಿ, ನಮ್ಮ ಜಗುಲಿ.

ವರ್ಷಕ್ಕೊಮ್ಮೆ ಬರುತ್ತಿದ್ದ ಆ ಹಿಂದಿ ಸಿನಿಮಾ ಪ್ರಶಸ್ತಿಗಳ ಕಾರ್ಯಕ್ರಮ ನಮಗೆ ಹಬ್ಬ. ಸ್ಪರ್ಧೆಯಲ್ಲಿದ್ದ ಸಿನಿಮಾಗಳನ್ನು ನಾವು ಯಾರೂ ನೋಡಿರುತ್ತಿರಲಿಲ್ಲ. ನಮ್ಮ ಊರಿನ ಟಾಕೀಸಿಗೆ ಅವು ಬರುವಾಗ ರೀಲು ಸವೆದು ಗೆರೆ ಬಿದ್ದಿರುತ್ತಿತ್ತು. ವಾರದ ಹಾಡುಗಳ ಕಾರ್ಯಕ್ರಮದಲ್ಲಿ ಕಂಡ ತುಣುಕುಗಳೇ ನಮ್ಮ ಜ್ಞಾನ. ನಟನಟಿಯರ ಹೆಸರು ನಾಲಿಗೆಗೆ ಹೊಂದದೆ ನಾವೇ ಹೆಸರಿಟ್ಟಿದ್ದೆವು: ಗುಂಗುರು ಕೂದಲಿನವನು, ಅಳುಬುರುಕಿ, ಮೂಗಿನಲ್ಲಿ ಹಾಡುವವನು. ಯಾರಿಗೆ ಬರುತ್ತದೆಂದು ಪಂದ್ಯ. ಸೋತವರು ಗೆದ್ದವರ ಪಾಲಿನ ನೀರು ಸೇದಬೇಕು, ಕಾಯಿ ತುರಿಯಬೇಕು. ವೀಣಕ್ಕ ಯಾವಾಗಲೂ ಅಳುಬುರುಕಿಯ ಪಕ್ಷ. ಸೋತು ಸೋತು ಅಂಗೈಯಲ್ಲಿ ಹಗ್ಗದ ಬೊಕ್ಕೆ ಎದ್ದರೂ ಪಕ್ಷ ಬಿಟ್ಟವಳಲ್ಲ.

ಮಾವ ಪಂದ್ಯ ಕಟ್ಟುತ್ತಿರಲಿಲ್ಲ. ಅವನು ಪ್ರಸಾದ ಕೇಳುತ್ತಿದ್ದ.

ನಮ್ಮ ಕಡೆಯ ದೇವಸ್ಥಾನಗಳಲ್ಲಿ ಪ್ರಸಾದ ಕೇಳುವುದೆಂದರೆ ತಿನ್ನುವ ಪ್ರಸಾದವಲ್ಲ. ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು ಹೋದರೆ ಪೂಜಾರಿಗಳು ದೇವರ ಕಲ್ಲಿನ ಬಲಕ್ಕೊಂದು ಎಡಕ್ಕೊಂದು ಒದ್ದೆ ಹೂವಿನ ದಳ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಮದುವೆಗೂ, ಮನೆ ಕಟ್ಟುವುದಕ್ಕೂ, ಕಳೆದುಹೋದ ಎಮ್ಮೆಗೂ ಜನ ಹಾಗೆ ಕೇಳುತ್ತಿದ್ದರು. ಮಾವ ಅದನ್ನು ಟಿವಿಯ ಉಬ್ಬು ಗಾಜಿನ ಮೇಲೆ ಮಾಡುತ್ತಿದ್ದ. ಕಾರ್ಯಕ್ರಮ ಶುರುವಾಗುವ ಮುಂಚೆ ಕಪ್ಪಗಿದ್ದ ಗಾಜಿಗೆ ದಾಸವಾಳದ ಎರಡು ದಳ ಅಂಟಿಸಿ, ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಸುತ್ತಿ, ಥೇಟು ಪೂಜಾರಿಗಳ ಮೂಗಿನ ಸ್ವರದಲ್ಲಿ ಕೇಳುತ್ತಿದ್ದ.

"ಸ್ವಾಮೀ, ಈ ಸಲ ಗುಂಗುರು ಕೂದಲಿಗೆ ಇದ್ದೋ ಇಲ್ಲ್ಯೋ, ಬಲಕ್ಕೆ ಕೊಟ್ಟು ಕಾಪಾಡು! ಸುಮ್ನಿರಿ ಎಲ್ಲಾರೂವ. ದೇವರಿಗೆ ಗಲಾಟೆ ಆಗ್ತಿಲ್ಲೆ."

"ಟಿವಿಯೊಳಗೆ ಯಾವ ದೇವರು ಇದ್ದ ಮಾವಾ?" ಎಂದು ನಾನು ಕೇಳುತ್ತಿದ್ದೆ.

"ಕರೆಂಟು ದೇವರು. ಮುಟ್ಟಿ ನೋಡ್ತ್ಯಾ, ಪ್ರತ್ಯಕ್ಷ ಆಗ್ತ!"

ಎಡ ದಳ ಜಾರುತ್ತಿತ್ತು. ಗುಂಗುರು ಕೂದಲಿಗೆ ಇಲ್ಲ. ಮುಂದಿನವನಿಗೆ ಹೊಸ ದಳ. ಹೀಗೆ ಒಬ್ಬೊಬ್ಬರದ್ದೂ ಆಗಿ, ಯಾರ ಹೆಸರಿಗೆ ಬಲ ದಳ ಬೀಳುತ್ತಿತ್ತೋ ರಾತ್ರಿ ವೇದಿಕೆಯ ಮೇಲೆ ಅವರದ್ದೇ ಹೆಸರು. ಮೊದಲ ವರ್ಷ ನಾವು ನಕ್ಕೆವು. ಎರಡನೆಯ ವರ್ಷ ಬಾಯಿ ಬಿಟ್ಟೆವು. ಮೂರನೆಯ ವರ್ಷವೂ ಒಂದೂ ತಪ್ಪಲಿಲ್ಲ. ಹಾಡು ಬರೆದವರು, ಕ್ಯಾಮೆರಾ ಹಿಡಿದವರು, ನಮಗೆ ಮುಖವೇ ಗೊತ್ತಿಲ್ಲದವರು, ಎಲ್ಲರದ್ದೂ ಸರಿ. ಅಳುಬುರುಕಿಗೆ ಕೊನೆಗೂ ಪ್ರಶಸ್ತಿ ಬಂತು. ವೀಣಕ್ಕ ಮಾವನ ಕಾಲಿಗೆ ಬಿದ್ದಳು. ತಮಾಷೆಗೆ ಬಿದ್ದವಳು ಏಳುವಾಗ ಕಣ್ಣೊರೆಸಿಕೊಂಡಳು.

ಶಾಂತಾಬಾಯಿಯೂ ಆ ರಾತ್ರಿ ದನಿ ತಗ್ಗಿಸಿದರು. "ಗಣಪತಿ, ನಮ್ಮ ಮಂಜುವಿನ ನೌಕರಿ ವಿಷಯ ಒಂದು ಕೇಳ್ತೀಯಾ?"

ಮಾವ ಟವೆಲು ಕೊಡವಿದ. "ಇಲ್ಲ ಶಾಂತಕ್ಕಾ. ಇದಕ್ಕೆ ಸಿನಿಮಾ ಬಿಟ್ಟು ಬೇರೆಂತದೂ ಗೊತ್ತಿಲ್ಲ."

ಆ ಮಾತನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಅವನಿಗೆ ಗಡಿ ಗೊತ್ತಿತ್ತು.

ಪರೀಕ್ಷೆ ಮುಗಿದು ರಜೆ ಬಂತು. ಗೇರುಹಣ್ಣಿನ ಒಗರು ವಾಸನೆ ಊರಿಗೆಲ್ಲ ಹರಡಿತ್ತು. ನಾವು ದಿನವಿಡೀ ಮಾವಿನಕಾಯಿಯನ್ನು ಕಲ್ಲಿನ ಮೇಲೆ ಜಜ್ಜಿ, ಉಪ್ಪು ಮತ್ತು ಸೂಜಿಮೆಣಸು ಹಚ್ಚಿ ತಿನ್ನುತ್ತಿದ್ದೆವು. ಒಂದು ಶನಿವಾರ ಸಂಜೆ ವೀಣಕ್ಕನಿಗೆ ಹೊಕ್ಕುಳ ಸುತ್ತ ನೋವು ಬಂತು. ಆಯಿ ಓಮದ ಕಷಾಯ ಕೊಟ್ಟು, "ತಿನ್ನು ಇನ್ನೂ ಮಾವಿನಕಾಯಿ" ಎಂದು ಬೈದಳು. ಬೆಳಗಾಗುವಾಗ ನೋವು ಬಲಗಡೆ ಕೆಳಕ್ಕೆ ಇಳಿದಿತ್ತು. ಎರಡು ಸಲ ವಾಂತಿಯಾಯಿತು. ಅಪ್ಪ ರೂಟಿನಲ್ಲಿದ್ದರು, ಸೋಮವಾರ ಸಂಜೆಗೆ ಬರುವವರು.

ಪೇಟೆಯ ಡಾಕ್ಟರು ಅಕ್ಕನ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ಫಕ್ಕನೆ ಬಿಟ್ಟರು. ಅಕ್ಕ ಕಿರುಚಿದಳು. ಅವರು ಕೈ ತೊಳೆಯುತ್ತ ಹೇಳಿದರು: "ಅಪೆಂಡಿಕ್ಸ್ ಇದ್ದ ಹಾಗೆ ಕಾಣ್ತದೆ ತಾಯಿ. ಇಲ್ಲಿ ಆಗುವ ಕೆಲಸ ಅಲ್ಲ. ಇವತ್ತೇ ಹುಬ್ಬಳ್ಳಿಗೆ ಕರ್ಕೊಂಡು ಹೋಗಿ. ನಾಳೆ ಅನ್ನಬೇಡಿ. ಆಪರೇಷನ್ ಬೇಕಾದೀತು."

ಆಪರೇಷನ್ ಎಂಬ ಮಾತಿಗೆ ಅಕ್ಕ ನೋವು ಮರೆತು ಅಳತೊಡಗಿದಳು. ಮನೆಗೆ ಬಂದ ಮೇಲೂ ನಿಲ್ಲಿಸಲಿಲ್ಲ. ಆಯಿ ಚೀಲ ತುಂಬಿದಳು. ಮಾವ ಅಂಗಡಿಗೆ ಬೀಗ ಹಾಕಿ ಬಂದ. ಹೊರಡಬೇಕು ಎನ್ನುವಾಗ ಅಕ್ಕ ಕಂಬವನ್ನು ಅಪ್ಪಿ ಕುಳಿತಳು.

"ಮಾವಾ, ನೀನು ಹೂ ಹಚ್ಚು. ಹುಬ್ಬಳ್ಳಿಗೆ ಹೋಪದು ಹೇಳಿ ಬಂದ್ರೆ ಆನು ಹೋಗ್ತೆ. ಅಳ್ತ್ನಿಲ್ಲೆ. ಹೊಟ್ಟೆ ಕೊಯ್ಲಿ ಬೇಕಾದ್ರೆ."

"ಅದು ಸಿನಿಮಾದ್ದು ಕೂಸೆ."

"ನೀನು ಹೇಳಿದ್ದು ಒಂದಾದ್ರೂ ತಪ್ಪಿದ್ದ ಮಾವಾ? ಒಂದು?"

ಆಯಿ ಚೀಲ ಹಿಡಿದು ನಿಂತಿದ್ದಳು. "ಡಾಕ್ಟ್ರು ಇವತ್ತೇ ಹೋಗಕು ಹೇಳಿದ್ದ ಗಣೂ," ಎಂದಳು. ಆದರೆ ಅವಳ ದನಿಯಲ್ಲೂ ಒಂದು ಪ್ರಶ್ನೆ ಇತ್ತು. ಗಂಡ ಊರಿನಲ್ಲಿಲ್ಲ, ಹುಬ್ಬಳ್ಳಿಯ ಆಸ್ಪತ್ರೆಯನ್ನು ಕಂಡವಳಲ್ಲ, ಮಗಳ ಹೊಟ್ಟೆ ಕೊಯ್ಯಲು ಒಪ್ಪಿಗೆ ಕೊಡಬೇಕಾದವಳು ಅವಳೊಬ್ಬಳೇ. ಆ ಹೊರೆಯನ್ನು ಇನ್ನೊಬ್ಬರು ಇಳಿಸಿಕೊಂಡರೆ ಬೇಡ ಎನ್ನುವ ತ್ರಾಣ ಅವಳಿಗೆ ಇರಲಿಲ್ಲ. ನಾನು ಮಾವನ ಮುಖ ನೋಡುತ್ತಿದ್ದೆ. ಅವನಿಗೆ ಎಲ್ಲ ಗೊತ್ತಿದೆ ಎಂದು ನಾನು ನಂಬಿದ್ದೆ. ನಾನೇ ಅಂಗಳಕ್ಕೆ ಹಾರಿ ದಾಸವಾಳ ಕೊಯ್ದು ತಂದೆ.

ಅಂದು ಅವನು ಮೂಗಿನ ಸ್ವರ ತೆಗೆಯಲಿಲ್ಲ. ಎರಡು ದಳಗಳನ್ನು ನೀರಿಗೆ ಅದ್ದಿ ಜಗುಲಿಯಲ್ಲಿದ್ದ ಟಿವಿಯ ಗಾಜಿಗೆ ಒತ್ತಿ, ಹಿಂದೆ ಸರಿದು ಕೈಮುಗಿದು ನಿಂತ. ಹೋಗಬೇಕಾದರೆ ಬಲ. ಬೇಡವಾದರೆ ಎಡ. ಬಹಳ ಹೊತ್ತು ಎರಡೂ ಅಲುಗಲಿಲ್ಲ. ಆಮೇಲೆ ಎಡ ದಳ ಸ್ವಲ್ಪ ಸ್ವಲ್ಪವೇ ಜಾರಿ, ಗಾಜಿನ ಅಂಚಿನಲ್ಲಿ ಒಂದು ಕ್ಷಣ ನಿಂತು, ನೆಲಕ್ಕೆ ಬಿತ್ತು.

"ಮಾವಿನಕಾಯಿ ತಿಂದದ್ದೇಯ ಅಕ್ಕಾ," ಎಂದ ಮಾವ ಆಯಿಯ ಕಡೆ ತಿರುಗಿ, ಹಣೆ ಒರೆಸಿಕೊಂಡು. "ಡಾಕ್ಟ್ರಿಗೆಂತ, ಎಲ್ಲದಕ್ಕೂ ಹುಬ್ಬಳ್ಳಿ. ನಾಳೆ ಭಾವ ಬಂದ ಮೇಲೆ ನೋಡನ."

ಆಯಿ ಅಕ್ಕನನ್ನು ಚಾಪೆಯ ಮೇಲೆ ಮಲಗಿಸಿ ಚೀಲ ಬಿಚ್ಚುವಾಗ ಬಸ್ಸಿನ ಹಾರ್ನು ಕೇಳಿತು.

ಇದರ ಮುಂದಿನದ್ದೇ ನನ್ನನ್ನು ಇವತ್ತಿಗೂ ಬಿಡದೆ ಕಾಡುವುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕ ಎದ್ದು ಕೂತಳು. ಮುಖದ ಗಂಟು ಸಡಿಲವಾಗಿತ್ತು.

"ಆಯಿ, ನೋವು ಹೋತು."

"ಹೌದನೆ? ಖರೆ ಹೇಳು."

"ಖರೆ. ಈಗ ಇಲ್ಲ್ಯೇ ಇಲ್ಲೆ. ಆಸರಾಗ್ತು, ಕುಡಿಯಲೆ ಎಂತಾರೂ ಕೊಡು."

ಆಯಿ ಮುರುಗಲು ಹಣ್ಣಿನ ಪಾನಕ ಮಾಡಿ ಕೊಟ್ಟಳು, ಬೆಲ್ಲ ಎರಡು ತುಂಡು ಜಾಸ್ತಿ ಹಾಕಿ. ಮಾವ ನನ್ನನ್ನು ಎತ್ತಿ ಗರಗರ ತಿರುಗಿಸಿದ. "ನೋಡಿದ್ಯಾ? ಕರೆಂಟು ದೇವರು!" ನಾವೆಲ್ಲ ನಕ್ಕೆವು. ಅಕ್ಕನೂ ಹೊಟ್ಟೆ ಹಿಡಿದುಕೊಂಡು ಸಣ್ಣಗೆ ನಕ್ಕಳು. ನನ್ನ ಬಾಲ್ಯದಲ್ಲಿ ಅಷ್ಟು ಸಂತೋಷದ ಸಂಜೆ ಇನ್ನೊಂದಿಲ್ಲ.

ಎಷ್ಟೋ ವರ್ಷಗಳ ಮೇಲೆ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರು ಪಾಠದ ನಡುವೆ ಒಂದು ಮಾತು ಹೇಳಿದರು. ಬಾತುಕೊಂಡ ಅಪೆಂಡಿಕ್ಸ್ ಒಡೆದಾಗ ಒಳಗಿನ ಒತ್ತಡ ಇಳಿದು ನೋವು ಸ್ವಲ್ಪ ಹೊತ್ತು ನಿಲ್ಲುತ್ತದೆ, ರೋಗಿಗೆ ವಾಸಿಯಾದಂತೆ ಅನ್ನಿಸುತ್ತದೆ, ವಿಷ ಹೊಟ್ಟೆಗೆಲ್ಲ ಹರಡುವುದು ಆಗಲೇ. ನಾನು ಕ್ಲಾಸಿನಿಂದ ಎದ್ದು ಹೊರಗೆ ಬಂದೆ. ಪಾನಕದ ಬೆಲ್ಲ, ಮಾವನ ಕೈಯಲ್ಲಿ ನಾನು ತಿರುಗಿದ್ದು, ಅಕ್ಕನ ನಗು, ಎಲ್ಲವೂ ಆ ವರಾಂಡದಲ್ಲಿ ಇನ್ನೊಮ್ಮೆ ನಡೆಯಿತು. ಅವಳು ಸಾಯತೊಡಗಿದ ಹೊತ್ತಿಗೆ ನಾವು ಕುಣಿದಿದ್ದೆವು.

ಸೋಮವಾರ ಬೆಳಗಾಗುವಾಗ ಅಕ್ಕನ ಮೈ ಕೆಂಡವಾಗಿತ್ತು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಮುಟ್ಟಿದರೆ ಕೂಗುವ ಶಕ್ತಿಯೂ ಇರಲಿಲ್ಲ. ಶಾಂತಾಬಾಯಿಯ ಮಗ ಮಂಜು ಯಾರದ್ದೋ ಜೀಪು ತಂದ. ಕಲಘಟಗಿ ದಾಟುವಾಗ ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು, ಆದರೆ ಗುರುತು ಹಿಡಿಯಲಿಲ್ಲ. ಮಾವ ಜೀಪಿನ ಹಿಂದೆ ಕುಳಿತು ಅವಳ ಪಾದ ತಿಕ್ಕುತ್ತಿದ್ದ.

ಹುಬ್ಬಳ್ಳಿಯ ಡಾಕ್ಟರು ಆಯಿಯ ಮೇಲೆ ಸಿಟ್ಟಾದರು. "ನಿನ್ನೆ ಯಾಕ ತರಲಿಲ್ಲ? ಒಳಗ ಒಡದೈತಿ." ಆಯಿ ಏನೆಂದು ಹೇಳುವುದು? ಹೂವು ಬೇಡ ಅಂದಿತು ಎಂದೇ?

ಆಪರೇಷನ್ ಆಯಿತು. ಹೊಟ್ಟೆಯ ಪಕ್ಕದಿಂದ ಒಂದು ರಬ್ಬರಿನ ಕೊಳವೆ ಹೊರಗೆ ಬಂದಿತ್ತು. ಉಳಿಯುತ್ತಾಳೋ ಇಲ್ಲವೋ ಎಂದು ಕೆಲವು ದಿನ ಯಾರೂ ಹೇಳಲಿಲ್ಲ. ಅಪ್ಪ ಖಾಕಿ ಬಟ್ಟೆಯಲ್ಲೇ ಬಂದು ಅವಳ ಮಂಚದ ಕೆಳಗೆ ಮಲಗಿದರು.

ಒಂದು ಮಧ್ಯಾಹ್ನ ನಾನು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಿದ್ದಾಗ ಮಾವನ ಪರಿಚಯದ ಅಂಗಡಿಯವರು ಬುತ್ತಿ ಕಟ್ಟಿಸಿಕೊಂಡು ಬಂದರು. ಮಾವ ಪ್ರತಿ ಸೋಮವಾರ ಟಿವಿಯ ಬಿಡಿಭಾಗ ತರಲು ಹುಬ್ಬಳ್ಳಿಗೆ ಹೋಗುತ್ತಿದ್ದದ್ದು ಇವರ ಅಂಗಡಿಗೆ. ದಪ್ಪ ಮೀಸೆಯ ಒಳ್ಳೆಯ ಮನುಷ್ಯ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಿಚ್ಚಿಟ್ಟು ನನ್ನನ್ನು ಮಾತಾಡಿಸಿದರು.

"ಉಣ್ಣವಾ ತಂಗಿ. ನಿಮ್ಮ ಮಾವ ಎಲ್ಲದಾನ? ಹುಚ್ಚ ಅದಾನ ಅಂವ. ನಮ್ಮಂಗಡಿಗೆ ಬಂದ್ರ ಸಾಮಾನು ಆಮ್ಯಾಲ, ಮೊದ್ಲ ನನ್ನ ಮಗಳ ಸಿನಿಮಾ ಪುಸ್ತಕ ಹಿಡಕೊಂಡು ಕುಂದರ್ತಾನ. ಯಾರ್ಯಾರಿಗೆ ಪ್ರಶಸ್ತಿ ಬಂತು, ಸಾಲಿ ಹುಡುಗರಂಗ ಬಾಯಿಪಾಠ ಮಾಡ್ತಾನ."

"ಟಿವಿಯಲ್ಲಿ ತೋರಿಸಿದ ಮೇಲಾ?"

"ಏ, ಮೊದಲವಾ! ಫಂಕ್ಷನ್ನು ಮುಂಬೈದಾಗ ಮುಗದು ಎಷ್ಟ ದಿನಾ ಆಗಿರ್ತದ. ಟಿವಿಯವರು ಅಲ್ಲಿ ಕತ್ತರಿಸಿ, ಇಲ್ಲಿ ಜಾಹೀರಾತು ತುಂಬಿ, ಆಮ್ಯಾಲ ನಿಮಗ ತೋರಸ್ತಾರ. 'ನಮ್ಮ ಹುಡುಗೂರಿಗೆ ಮಜಾ ಮಾಡ್ಬೇಕ್ರೀ' ಅಂತಿದ್ದ. ಏನ ಮಜಾ ಮಾಡಿದ?"

ನಾನು ರೊಟ್ಟಿ ಕೆಳಗಿಟ್ಟೆ. ಬೇರೆ ಯಾವ ಮನೆಗೂ ಇದು ದೊಡ್ಡ ವಿಷಯವಲ್ಲ. ನಮ್ಮ ಮನೆಗೆ ಪೇಪರು ಬರುತ್ತಿರಲಿಲ್ಲ, ಕಾರ್ಯಕ್ರಮ ಆ ಕ್ಷಣದಲ್ಲೇ ನಡೆಯುತ್ತಿದೆ ಎಂದು ನಾವು ನಂಬಿದ್ದೆವು, ಅಷ್ಟೇ.

ಮಾವ ನಲ್ಲಿಯ ಹತ್ತಿರ ಅಕ್ಕನ ಬಟ್ಟೆ ಹಿಂಡುತ್ತಿದ್ದ. ನಾನು ಹೋಗಿ ಎದುರಿಗೆ ನಿಂತೆ.

"ಮಾವಾ, ನಿಂಗೆ ಮೊದ್ಲೇ ಗೊತ್ತಿತ್ತ? ಪ್ರಶಸ್ತಿ ಯಾರಿಗೆ ಹೇಳಿ?"

ಅವನ ಕೈ ನಿಂತಿತು. "ಯಾರು ಹೇಳಿದ?"

"ಗೊತ್ತಿತ್ತ ಇಲ್ಲ್ಯ?"

"ನಿಂಗಳ ನಗ್ಸಲೆ ಮಾಡಿದ್ದು ಕೂಸೆ. ಬೀಳಕಾದ ದಳಕ್ಕೆ ನೀರು ಜಾಸ್ತಿ ಹಾಕ್ತಿದ್ದೆ. ನಿಲ್ಲಕಾದ್ದಕ್ಕೆ ದಾಸವಾಳದ ಲೋಳೆ ಹಚ್ತಿದ್ದೆ."

"ಹಂಗಾದ್ರೆ ಅಕ್ಕಂಗೆ ಹೋಪದು ಬ್ಯಾಡ ಹೇಳಿ ಬೀಳ್ಸಿದ್ದೂ ನೀನೇಯ?"

"ಇಲ್ಲೆ." ಅವನು ಒದ್ದೆ ಬಟ್ಟೆಯನ್ನು ಎದೆಗೆ ಒತ್ತಿಕೊಂಡ. "ದೇವರಾಣೆ ಇಲ್ಲೆ. ಅವತ್ತೊಂದಿನ ಆನು ಎಂತದೂ ಮಾಡಿದ್ನಿಲ್ಲೆ. ಎರಡಕ್ಕೂ ಸಮ ನೀರು. ಖರೆಯಾಗೂ ಕೇಳಿದೆ. ಮೂರು ವರ್ಷ ನಿಂಗಳ ಕಣ್ಣು ನೋಡಿ ನೋಡಿ ನಂಗೇ ಹೌದು ಹೇಳಿ ಕಾಣ್ತಿತ್ತು."

ನನಗೆ ಹತ್ತು ವರ್ಷ. ಆದರೂ ಆ ಮಾತಿನ ಒಳಗಿನ ಅನ್ಯಾಯ ನನಗೆ ಕೂಡಲೇ ಕಂಡಿತು.

"ಸಿನಿಮಾ ಪ್ರಶಸ್ತಿಗೆಲ್ಲ ಮೋಸ ಮಾಡಿದೆ. ಅಕ್ಕಂಗೆ ಹೋಗು ಹೇಳಿ ಒಂದು ಸಲ ಮೋಸ ಮಾಡಲೆ ಆಗ್ತಿತ್ತಿಲ್ಲ್ಯ ನಿಂಗೆ?"

ಅವನು ಹಿಂಡಿದ ಬಟ್ಟೆಯನ್ನೇ ಮತ್ತೆ ನಲ್ಲಿಯ ಕೆಳಗೆ ಹಿಡಿದ. ನಾನು ಇಡೀ ಬದುಕಿನಲ್ಲಿ ಯಾರಿಗೂ ಅಷ್ಟು ಕ್ರೂರವಾಗಿ ಮತ್ತು ಅಷ್ಟು ಸರಿಯಾಗಿ ಮಾತಾಡಿಲ್ಲ.

ಅಕ್ಕ ಉಳಿದಳು. ಮಳೆಗಾಲ ಹತ್ತಿರವಾಗುವಾಗ ಮನೆಗೆ ಬಂದಳು, ಅರ್ಧ ಮೈ ಕರಗಿ. ಪ್ರಶಸ್ತಿಯ ಗುಟ್ಟು ನನ್ನಿಂದ ತಿಳಿದ ಮೇಲೂ ಅವಳು ಮಾವನ ಮೇಲೆ ಸಿಟ್ಟಾಗಲಿಲ್ಲ. "ಹಠ ಮಾಡಿದ್ದು ಆನು, ಅವನಲ್ಲ," ಎಂದಳು. ಅವಳಿಗೆ ಕ್ಷಮಿಸುವುದು ಸುಲಭವಾಗಿತ್ತು, ಯಾಕೆಂದರೆ ಜೀಪಿನಲ್ಲಿ ತನ್ನ ಮುಖ ಹೇಗಿತ್ತೆಂದು ಅವಳು ಕಂಡಿರಲಿಲ್ಲ. ನಾವು ಕಂಡಿದ್ದೆವು. ಅಪ್ಪ ಮಾವನಿಗೆ ಒಂದು ಮಾತೂ ಬೈಯಲಿಲ್ಲ, ಆದರೆ ಅವನು ಜಗುಲಿಗೆ ಬಂದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಆಯಿ ಬಡಿಸುತ್ತಿದ್ದಳು, ಇನ್ನೊಂದು ಸೌಟು ಬೇಕೋ ಎಂದು ಮಾತ್ರ ಕೇಳುತ್ತಿರಲಿಲ್ಲ. ನಾನು ಅವನ ಎದುರಿಗೆ ನಗುವುದನ್ನು ಬಿಟ್ಟೆ.

ನಮಗೆ ಯಾರಿಗೂ ನಿದ್ದೆ ಇರಲಿಲ್ಲ. ಆಯಿ ಗಳಿಗೆಗೊಮ್ಮೆ ಎದ್ದು ಅಕ್ಕನ ಹಣೆ, ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ನಾನು ಕತ್ತಲಲ್ಲಿ ಅಕ್ಕನ ಉಸಿರು ಕೇಳುತ್ತಿದ್ದೆ. ಅವಳು ನರಳಿದರೂ ಹೆದರಿಕೆ, ನರಳದಿದ್ದರೆ ಇನ್ನೂ ಹೆದರಿಕೆ. ನೋವಿಲ್ಲ ಎಂದ ಸಂಜೆಯ ಮರುದಿನ ಏನಾಯಿತೆಂದು ನಾವು ಕಂಡಿದ್ದೆವಲ್ಲ. ಜಗುಲಿಯಲ್ಲಿ ಮಾವ ಹೊರಳುವುದು ಕೇಳುತ್ತಿತ್ತು.

ಈಗ ಯಾರಿಗೆ ಪ್ರಶಸ್ತಿ ಬಂತೆಂದು ಆ ಕ್ಷಣದಲ್ಲೇ ಎಲ್ಲರ ಕೈಯಲ್ಲಿನ ಫೋನಿಗೆ ಬರುತ್ತದೆ. ಮುಂಚೆ ತಿಳಿದುಕೊಂಡು ಬಂದು ಮಕ್ಕಳನ್ನು ಬೆರಗುಗೊಳಿಸಲು ಯಾವ ಮಾವನಿಗೂ ಸಾಧ್ಯವಿಲ್ಲ. ನನ್ನ ಮಗಳು ಯಾವ ಮಾತಿಗೂ "ನಿಂಗೆ ಹೇಗೆ ಗೊತ್ತು?" ಎಂದು ಕೇಳುತ್ತಾಳೆ. ಹಾಗೆ ಕೇಳಲು ಕಲಿಸಿದವಳು ನಾನೇ. ಸರಿಯಾದದ್ದನ್ನೇ ಕಲಿಸಿದ್ದೇನೆ. ಆದರೆ ಒಬ್ಬ ಮನುಷ್ಯ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಲೋಕದ ಉತ್ತರವೆಲ್ಲ ಮನೆಗೆ ಬಂತು ಎಂದು ಕುಣಿಯುವ ಸುಖ ಏನೆಂದು ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು. ಆಮೇಲೆ ನಾನು ಯಾರನ್ನೂ, ಗಂಡನನ್ನೂ, ಗುರುಗಳನ್ನೂ, ಅಷ್ಟು ಪೂರ್ತಿಯಾಗಿ ನಂಬಲಿಲ್ಲ.

ಆ ಮಳೆಗಾಲ ಮುಗಿಯುವ ಮುಂಚೆ ಮಾವ ಅಂಕೋಲೆಯಲ್ಲಿ ಯಾರದ್ದೋ ಅಂಗಡಿಯಲ್ಲಿ ಕೆಲಸ ಸಿಕ್ಕಿತು ಎಂದ. ಇಲ್ಲಿ ಸ್ವಂತ ಅಂಗಡಿ ಇದ್ದವನು ಅಲ್ಲಿ ಆಳಾಗಿ ಯಾಕೆ ಹೋಗಬೇಕೆಂದು ಯಾರೂ ಕೇಳಲಿಲ್ಲ. ಅವನು ಟ್ರಂಕು ಹೊತ್ತು ಮೆಟ್ಟಿಲಿಳಿಯುವಾಗ ಸ್ವಲ್ಪ ಹೊತ್ತು ನಿಂತ. ಯಾರಾದರೂ ಒಂದು ಮಾತು ಹೇಳಿದ್ದರೆ ಉಳಿಯುತ್ತಿದ್ದನೇನೋ. ಅಕ್ಕ ಆಯಿಯ ಮುಖ ನೋಡಿದಳು, ಆಯಿ ನೆಲ ನೋಡಿದಳು.

ಮಾವ ಹೋದ ಆ ರಾತ್ರಿ ನಾವೆಲ್ಲ ಮಲಗಿದವರು ಬೆಳಗಿನವರೆಗೆ ಏಳಲೇ ಇಲ್ಲ. ಆಯಿ ಒಂದು ಸಲವೂ ದೀಪ ಹಚ್ಚಲಿಲ್ಲ. ಅಪ್ಪನ ಗೊರಕೆ ಕೇಳುತ್ತಲೇ ನನಗೆ ನಿದ್ದೆ ಹತ್ತಿತು. ಹಾಲಿನವನು ಬಾಗಿಲು ಬಡಿದಾಗ ಬಿಸಿಲು ಅಂಗಳಕ್ಕೆ ಬಂದಿತ್ತು.

ಅಕ್ಕ ಪಕ್ಕದಲ್ಲಿ ಕಣ್ಣು ತೆರೆದು ಮಲಗಿದ್ದಳು.

"ನಿಂಗೆ ನಿದ್ದೆ ಬಂತನೆ?" ಎಂದಳು.

"ಬಂತು."

"ನಂಗೂ ಬಂತು," ಎಂದು ಹೇಳಿ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡು ಅಳತೊಡಗಿದಳು.